ಹನ್ನೆರಡರ ಹುಡುಗನಿಗೆ ಇಪ್ಪತ್ತನಾಲ್ಕರ ಮುಖ

ಮೈಸೂರಿನ ನಮ್ಮ ಬಡಾವಣೆಯ ಕೆಲವು ಮಕ್ಕಳು ಭಾನುವಾರದ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಸೇರಿ ಪುಸ್ತಕ ಓದುವ ರೂಢಿ ಕೆಲವು ವರ್ಷಗಳಿಂದ ನಡೆದುಬಂದಿದೆ. ಓದಿದ ಪುಸ್ತಕ ಸಿನಿಮಾ ಆಗಿದ್ದರೆ ಅದನ್ನೂ ನೋಡಲೇಬೇಕೆನ್ನುವುದು ಅವರೇ ಮಾಡಿಕೊಂಡ ಕಟ್ಟಳೆ. ಹಾಗೆ ಒಮ್ಮೆ ಲೋಯಿಸ್ ಲೋರಿಯವರ ‘ದ ಗಿವರ್’ ಕಾದಂಬರಿಯನ್ನು ಓದಿ ಮುಗಿಸಿ, 2014ರಲ್ಲಿ ಬಂದ ಅದರ ಸಿನಿಮಾ ಹಾಕಿಕೊಂಡು ಕುಳಿತೆವು. ಕಥಾನಾಯಕ ಜೋನಸ್ ತೆರೆಯ ಮೇಲೆ ಬಂದು ಹೆಚ್ಚು ಹೊತ್ತಾಗಿರಲಿಲ್ಲ, ಏಳನೇ ತರಗತಿಯ ಹುಡುಗಿಯೊಬ್ಬಳು, “ಆಂಟಿ, ಇವನು ಜೋನಸ್ ಅಲ್ಲ, ಜೋನಸ್‌ನ ಅಣ್ಣ ಇರಬೇಕು” ಎಂದಳು. ಪಕ್ಕದಲ್ಲಿದ್ದ ಹುಡುಗ ತಕ್ಷಣ ತಿದ್ದಿದ: “ಅವರ ಊರಲ್ಲಿ ಒಂದು ಮನೆಗೆ ಒಂದು ಗಂಡು, ಒಂದು ಹೆಣ್ಣು ಅಷ್ಟೇ ಕಣೇ. ಅಣ್ಣ ಎಲ್ಲಿಂದ ಬರ್ತಾನೆ?” ಎಲ್ಲರೂ ನಕ್ಕರು, ಸಿನಿಮಾ ಮುಂದುವರಿಯಿತು. ಆದರೆ ಆ ಹುಡುಗಿ ಮುಗಿಯುವವರೆಗೂ ತೆರೆಯ ಮೇಲಿನವನನ್ನು ಜೋನಸ್ ಎಂದು ಕರೆಯಲು ಒಪ್ಪಲಿಲ್ಲ.

ಅವಳದು ತುಂಟ ಮಾತು. ಆದರೂ ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳು ಸಿನಿಮಾ ಆಗುವಾಗ ನಡೆಯುವ ಒಂದು ದೊಡ್ಡ ವ್ಯತ್ಯಾಸವನ್ನು ಅದು ನೇರವಾಗಿ ಮುಟ್ಟಿತ್ತು. ಕಾದಂಬರಿಯ ಜೋನಸ್‌ಗೆ ಕತೆ ಆರಂಭವಾಗುವಾಗ ಹನ್ನೊಂದು ವರ್ಷ, ಸ್ವಲ್ಪದರಲ್ಲೇ ಹನ್ನೆರಡು. ಸಿನಿಮಾದಲ್ಲಿ ಆತ ಮೀಸೆ ಬೋಳಿಸಿಕೊಳ್ಳುವ ವಯಸ್ಸಿನ ತರುಣ. ಆ ಪಾತ್ರ ಮಾಡಿದ ಬ್ರೆಂಟನ್ ತ್ವೇಟ್ಸ್ ಅವರಿಗೆ ಚಿತ್ರೀಕರಣದ ಹೊತ್ತಿಗೆ ಇಪ್ಪತ್ತನಾಲ್ಕು. ಪುಸ್ತಕವನ್ನು ಪ್ರೀತಿಸಿದವರು ಸಿನಿಮಾ ನೋಡಿ ಬಂದಾಗ ಸಾಮಾನ್ಯವಾಗಿ ದೂರುವುದು ಬಿಟ್ಟುಹೋದ ಪ್ರಸಂಗಗಳನ್ನು, ಬದಲಾದ ಮುಕ್ತಾಯವನ್ನು, ಕಾಣೆಯಾದ ಪೋಷಕ ಪಾತ್ರಗಳನ್ನು. ನನಗೆ ಈಚೆಗೆ ಅನ್ನಿಸುತ್ತಿರುವುದೆಂದರೆ, ಕತೆಯ ಅರ್ಧ ಪ್ರಸಂಗಗಳನ್ನು ಕಿತ್ತುಹಾಕಿದರೂ ಈ ಬಗೆಯ ಕಾದಂಬರಿ ಬದುಕಿಕೊಳ್ಳಬಲ್ಲದು, ನಾಯಕನ ವಯಸ್ಸಿಗೆ ನಾಲ್ಕೈದು ವರ್ಷ ಕೂಡಿಸಿದರೆ ಬದುಕಿಕೊಳ್ಳುವುದು ಕಷ್ಟ.

ಗುಂಡಿಗಳ ಲೆಕ್ಕ

1993ರಲ್ಲಿ ಪ್ರಕಟವಾಗಿ ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಮೀಸಲಾದ ನ್ಯೂಬೆರಿ ಪದಕ ಪಡೆದ ‘ದ ಗಿವರ್’ ಕಾದಂಬರಿಯನ್ನು ಓದಿದವರಿಗೆ ಅದರ ಸಮಾಜ ನೆನಪಿರುತ್ತದೆ. ಅಲ್ಲಿ ಹುಟ್ಟುಹಬ್ಬಗಳಿಲ್ಲ, ಪ್ರತಿ ಡಿಸೆಂಬರಿನಲ್ಲಿ ಒಂದು ವಯಸ್ಸಿನ ಎಲ್ಲ ಮಕ್ಕಳೂ ಒಟ್ಟಿಗೆ ಮುಂದಿನ ವಯಸ್ಸಿಗೆ ಸೇರುತ್ತಾರೆ. ನಾಲ್ಕು, ಐದು, ಆರರ ಮಕ್ಕಳ ಅಂಗಿಗೆ ಬೆನ್ನ ಕಡೆ ಗುಂಡಿ, ಏಕೆಂದರೆ ಒಬ್ಬರಿಗೊಬ್ಬರು ಗುಂಡಿ ಹಾಕಿಕೊಡುತ್ತ ಪರಸ್ಪರ ಅವಲಂಬನೆಯನ್ನು ಕಲಿಯಬೇಕು. ಏಳಕ್ಕೆ ಮುಂದೆ ಗುಂಡಿಯಿರುವ ಅಂಗಿ, ಒಂಬತ್ತಕ್ಕೆ ಸೈಕಲ್, ಹತ್ತಕ್ಕೆ ಕೂದಲು ಕತ್ತರಿಸುವ ಶಾಸ್ತ್ರ. ಹನ್ನೆರಡಕ್ಕೆ ಹಿರಿಯರು ಜೀವಮಾನದ ಉದ್ಯೋಗವನ್ನು ಗೊತ್ತುಮಾಡುತ್ತಾರೆ. ಅಲ್ಲಿಂದ ಮುಂದೆ ವಯಸ್ಸಿಗೆ ಬೆಲೆಯಿಲ್ಲ. ದೊಡ್ಡವರಿಗೆ ತಮಗೆ ಎಷ್ಟಾಯಿತೆಂಬ ಲೆಕ್ಕವೂ ಮರೆತುಹೋಗಿರುತ್ತದೆ. ಲೋರಿ ಕಟ್ಟಿದ ಲೋಕದಲ್ಲಿ ವಯಸ್ಸು ಪಾತ್ರದ ಒಂದು ವಿವರವಾಗಿ ಬರುವುದಿಲ್ಲ, ಅದೇ ಆ ಸಮಾಜದ ಸಂವಿಧಾನ. ಎಣಿಕೆ ನಿಲ್ಲುವ ಆ ಹನ್ನೆರಡನೆಯ ಮೆಟ್ಟಿಲಿನಲ್ಲಿ ಜೋನಸ್‌ನನ್ನು ನಿಲ್ಲಿಸಿರುವುದು ಲೆಕ್ಕ ಹಾಕಿಯೇ.

ಸಿನಿಮಾ ಆ ಮೆಟ್ಟಿಲನ್ನು ತೆಗೆದು, ಶಾಲೆ ಮುಗಿಸಿದವರ ಪದವಿ ಸಮಾರಂಭದಂಥದ್ದನ್ನು ಇರಿಸಿತು. ಮೇಲ್ನೋಟಕ್ಕೆ ಇದರಿಂದ ಕತೆಗೇನೂ ಆಗಲಿಲ್ಲ. ಊರಿನವರೆಲ್ಲ ಬಿಟ್ಟುಕೊಟ್ಟ ಹಿಂದಿನ ಕಾಲದ ನೆನಪುಗಳನ್ನು ಒಬ್ಬನೇ ಸ್ವೀಕರಿಸುವವನಾಗಿ ಜೋನಸ್ ಆಗಲೂ ಆಯ್ಕೆಯಾಗುತ್ತಾನೆ, ಆಗಲೂ ತನ್ನ ಊರಿನ ನೆಮ್ಮದಿಯ ಹಿಂದಿರುವ ಸತ್ಯವನ್ನು ಕಾಣುತ್ತಾನೆ. ಆದರೆ ಕಾದಂಬರಿಯ ಮರ್ಮಸ್ಥಾನದಲ್ಲಿರುವ ಒಂದು ಪ್ರಸಂಗವನ್ನು ಎರಡೂ ಕಡೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಜೋನಸ್‌ನ ತಂದೆ ಹಸುಗೂಸುಗಳನ್ನು ಸಾಕುವ ಕೆಲಸದವನು, ಮೃದು ಸ್ವಭಾವದವನು. ಅವಳಿ ಮಕ್ಕಳಲ್ಲಿ ತೂಕ ಕಡಿಮೆಯಿರುವ ಕೂಸನ್ನು ಆತ ‘ಬಿಡುಗಡೆ’ ಮಾಡುವುದನ್ನು ಮಗ ಪರದೆಯ ಮೇಲೆ ನೋಡುತ್ತಾನೆ. ಬಿಡುಗಡೆಯೆಂದರೆ ಕೂಸಿನ ಹಣೆಗೆ ಸೂಜಿ ಚುಚ್ಚಿ ಕೊಲ್ಲುವುದು ಎಂದು ಅವನಿಗೆ ಆಗ ಗೊತ್ತಾಗುತ್ತದೆ. ಹನ್ನೆರಡು ವರ್ಷದ ಹುಡುಗನಿಗೆ ಅದುವರೆಗೆ ಇದು ತಿಳಿಯದೆ ಇದ್ದದ್ದು ಮುಗ್ಧತೆ. ಅವನ ಅಪ್ಪ ಅವನಿಗೆ ಇಡೀ ಜಗತ್ತು, ಆ ಜಗತ್ತು ಅವನ ಕಣ್ಣೆದುರಿಗೇ ಹಗುರ ದನಿಯಲ್ಲಿ ಮಾತಾಡುತ್ತ ಕೊಲೆ ಮಾಡುತ್ತದೆ. ಅದೇ ಮಾತನ್ನು ಹದಿನೇಳು, ಹದಿನೆಂಟರವನ ಬಗ್ಗೆ ಹೇಳಲಾಗದು. ಅಷ್ಟು ವಯಸ್ಸಿಗೆ ಬಂದವನು ತನ್ನ ಮನೆಯ ಅನ್ನ ಎಲ್ಲಿಂದ ಬರುತ್ತಿದೆ ಎಂದು ಒಮ್ಮೆಯೂ ಕೇಳಿಕೊಳ್ಳದಿದ್ದರೆ ಅವನೂ ಆ ವ್ಯವಸ್ಥೆಯ ಪಾಲುದಾರ. ಆಗ ಕತೆ ಬೇರೆಯದಾಗುತ್ತದೆ. ತಪ್ಪಿತಸ್ಥ ಪ್ರಜೆಯೊಬ್ಬನ ಕಣ್ಣು ತೆರೆದ ಕತೆಯಾಗಬೇಕಾಗುತ್ತದೆ. ಸಿನಿಮಾ ಆ ಕತೆಯನ್ನೂ ಹೇಳಲಿಲ್ಲ. ಇಪ್ಪತ್ತನಾಲ್ಕರ ಮುಖದ ಮೇಲೆ ಹನ್ನೆರಡರ ಬೆರಗನ್ನು ತರಿಸಲು ನೋಡಿತು.

ಇನ್ನೊಂದು ಬದಲಾವಣೆ ಇದರ ಬೆನ್ನಿಗೇ ಬಂತು. ಪುಸ್ತಕದಲ್ಲಿ ಗೆಳತಿ ಫಿಯೋನಾ ಬಗ್ಗೆ ಜೋನಸ್‌ಗೆ ಒಂದು ಕನಸು ಬೀಳುತ್ತದೆ. ಬೆಳಗ್ಗೆ ಅದನ್ನು ಮನೆಯವರ ಮುಂದೆ ಹೇಳಿದ ಕೂಡಲೇ ಅಮ್ಮ ಮಾತ್ರೆ ಕೊಡಲು ಆರಂಭಿಸುತ್ತಾಳೆ, ಆ ಭಾವನೆ ಅಲ್ಲಿಗೆ ಅಡಗುತ್ತದೆ. ಈ ಚಿಕ್ಕ ಪ್ರಸಂಗದ ಮುಜುಗರ, ತಮಾಷೆ, ಕ್ರೌರ್ಯ ಮೂರೂ ಅವನು ಇನ್ನೂ ಹುಡುಗ ಎಂಬುದರಿಂದ ಹುಟ್ಟಿದವು. ಸಿನಿಮಾದಲ್ಲಿ ಫಿಯೋನಾ ನಾಯಕಿಯಾದಳು, ಚುಂಬನವೂ ಬಂತು. ಇಷ್ಟೆಲ್ಲ ಹೇಳಿದ ಮೇಲೆ ನಿರ್ದೇಶಕ ಫಿಲಿಪ್ ನಾಯ್ಸ್ ಅವರಿಗೆ ಸಲ್ಲಬೇಕಾದದ್ದನ್ನೂ ಹೇಳಬೇಕು. ಬಣ್ಣವೇ ಇಲ್ಲದ ಆ ಊರನ್ನು ಕಪ್ಪು ಬಿಳುಪಿನಲ್ಲಿ ತೋರಿಸಿ, ಒಂದೊಂದೇ ಬಣ್ಣವನ್ನು ತೆರೆಗೆ ಬಿಡುವ ಕ್ರಮ ಚೆನ್ನಾಗಿದೆ. ಆದರೆ ಲೋರಿಯವರ ದೊಡ್ಡ ಚಮತ್ಕಾರ ಇರುವುದು ಬೇರೆ ಕಡೆ: ಓದುಗರಾದ ನಾವು ಹಲವು ಅಧ್ಯಾಯಗಳವರೆಗೆ ಆ ಲೋಕದಲ್ಲಿ ಬಣ್ಣವಿಲ್ಲ ಎಂಬುದನ್ನು ಗಮನಿಸುವುದೇ ಇಲ್ಲ, ಜೋನಸ್ ಕಂಡುಕೊಂಡಾಗಲೇ ನಮಗೂ ತಿಳಿಯುತ್ತದೆ. ಅವನ ಅಜ್ಞಾನದಲ್ಲಿ ಪುಸ್ತಕ ನಮ್ಮನ್ನೂ ಪಾಲುದಾರರನ್ನಾಗಿ ಮಾಡುತ್ತದೆ. ಸಿನಿಮಾಕ್ಕೆ ಆ ಗುಟ್ಟನ್ನು ಮುಚ್ಚಿಡುವ ದಾರಿಯೇ ಇಲ್ಲ, ಮೊದಲ ದೃಶ್ಯದಲ್ಲೇ ಅದು ಬಯಲಾಗಲೇಬೇಕು.

ವಯಸ್ಸು ಏಕೆ ಏರುತ್ತದೆ

ಸಿನಿಮಾದವರು ದಡ್ಡತನದಿಂದ ಹೀಗೆ ಮಾಡುತ್ತಾರೆಂದು ನಾನು ಭಾವಿಸಿಲ್ಲ. ಮಕ್ಕಳನ್ನು ಇಟ್ಟುಕೊಂಡು ಚಿತ್ರ ತೆಗೆಯುವುದು ಕಷ್ಟದ ಕೆಲಸ. ಕ್ಯಾಲಿಫೋರ್ನಿಯಾದ ನಿಯಮವನ್ನೇ ನೋಡಿದರೆ, ಒಂಬತ್ತರಿಂದ ಹದಿನೈದು ವರ್ಷದ ನಟರು ಶಾಲೆಯ ದಿನಗಳಲ್ಲಿ ಒಂಬತ್ತು ಗಂಟೆ ಸೆಟ್ಟಿನಲ್ಲಿ ಇರಬಹುದು, ಅದರಲ್ಲಿ ಕೆಲಸ ಐದು ಗಂಟೆ ಮಾತ್ರ. ಮೂರು ಗಂಟೆ ಪಾಠ, ಒಂದು ಗಂಟೆ ವಿಶ್ರಾಂತಿ. ನಾಯಕ ಪ್ರತಿ ದೃಶ್ಯದಲ್ಲೂ ಇರಬೇಕಾದ ಕತೆಯಲ್ಲಿ ಇದು ದಿನದ ಅರ್ಧ ಚಿತ್ರೀಕರಣವನ್ನು ತಿಂದುಹಾಕುತ್ತದೆ. ಇಂಥ ನಿಯಮ ಇರಲೇಬೇಕು, ಅದರ ಬಗ್ಗೆ ಎರಡು ಮಾತಿಲ್ಲ. ಇನ್ನು ಮಕ್ಕಳು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಒಂದು ಭಾಗ ಮುಗಿದು ಇನ್ನೊಂದಕ್ಕೆ ಹಣ ಹೊಂದುವ ಹೊತ್ತಿಗೆ ದನಿ ಒಡೆದಿರುತ್ತದೆ. ಇದರ ಮೇಲೆ 2008ರಲ್ಲಿ ‘ಟ್ವೈಲೈಟ್’ ಬಂತು. 3 ಕೋಟಿ 70 ಲಕ್ಷ ಡಾಲರಿನ ಆ ಚಿತ್ರ ಜಗತ್ತಿನಾದ್ಯಂತ ಸುಮಾರು 40 ಕೋಟಿ ಗಳಿಸಿದ ಮೇಲೆ, ಹದಿಹರೆಯದ ಕಾದಂಬರಿ ಎಂದರೆ ಪ್ರೇಮಕತೆ ಎಂಬ ಲೆಕ್ಕ ಸ್ಟುಡಿಯೋಗಳಲ್ಲಿ ಗಟ್ಟಿಯಾಯಿತು. ಪ್ರೇಮಕತೆಗೆ ಹನ್ನೆರಡರ ಹುಡುಗ ಒದಗುವುದಿಲ್ಲ. (ಅಂದ ಹಾಗೆ, ‘ಟ್ವೈಲೈಟ್’ ಸರಣಿಯಲ್ಲಿ ಎಂದೆಂದಿಗೂ ಹದಿನೇಳರಲ್ಲೇ ಉಳಿಯುವ ರಕ್ತಪಿಶಾಚಿಯ ಪಾತ್ರ ಮಾಡಿದ ನಟನಿಗೂ ಐದನೆಯ ಚಿತ್ರದ ಹೊತ್ತಿಗೆ ಇಪ್ಪತ್ತಾರಾಗಿತ್ತು.)

ಈ ಲೆಕ್ಕಾಚಾರ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ‘ಪರ್ಸಿ ಜಾಕ್ಸನ್’ಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ರಿಕ್ ರೈಯೊರ್ಡನ್ ಅವರ ಐದು ಪುಸ್ತಕಗಳ ಮೊದಲ ಸರಣಿ 2005ರಲ್ಲಿ ಆರಂಭವಾಗುವಾಗ ಗ್ರೀಕ್ ದೇವತೆಯೊಬ್ಬನ ಮಗನಾದ ಪರ್ಸಿಗೆ ಹನ್ನೆರಡು. ಸರಣಿಯ ಬೆನ್ನೆಲುಬು ಒಂದು ಭವಿಷ್ಯವಾಣಿ: ಹಿರಿಯ ದೇವತೆಗಳ ಮಗುವೊಂದು ಎಲ್ಲ ಅಡ್ಡಿಗಳನ್ನೂ ದಾಟಿ ಹದಿನಾರು ಮುಟ್ಟಿದಾಗ ಲೋಕದ ಗತಿ ನಿರ್ಧಾರವಾಗುತ್ತದೆ. ಅಂದರೆ ಓದುಗನಿಗೆ ಪ್ರತಿ ಪುಸ್ತಕವೂ ಒಂದು ಹುಟ್ಟುಹಬ್ಬದ ಕಡೆಗೆ ನಡೆಯುವ ಗಡಿಯಾರ. 2010ರ ಸಿನಿಮಾ ಪರ್ಸಿಯನ್ನು ಮೊದಲ ದಿನವೇ ಹದಿನಾರರವನನ್ನಾಗಿ ಮಾಡಿತು. ಗಡಿಯಾರ ಆರಂಭದಲ್ಲೇ ಕೊನೆಯ ಅಂಕಿಯನ್ನು ತೋರಿಸುತ್ತಿದ್ದರೆ ಮುಂದಿನ ನಾಲ್ಕು ಕತೆಗಳಿಗೆ ಏನು ಉಳಿಯಿತು? ವಯಸ್ಸನ್ನು ಏರಿಸಬೇಡಿ, ಹಾಗೆ ಮಾಡಿದರೆ ಪುಸ್ತಕವನ್ನು ಪ್ರೀತಿಸಿದ ಮಕ್ಕಳೇ ದೂರವಾಗುತ್ತಾರೆ ಎಂದು ರೈಯೊರ್ಡನ್ ನಿರ್ಮಾಪಕರಿಗೆ ಮೊದಲೇ ಬರೆದಿದ್ದರು. ಆ ಪತ್ರಗಳನ್ನು ವರ್ಷಗಳ ನಂತರ ತಮ್ಮ ಜಾಲತಾಣದಲ್ಲಿ ಪ್ರಕಟಿಸಿದರು. ಹಕ್ಕು ಮಾರಿದ ಲೇಖಕನ ಮಾತಿಗೆ ಚಿತ್ರೋದ್ಯಮದಲ್ಲಿ ಎಷ್ಟು ಬೆಲೆ ಎಂಬುದನ್ನು ತಿಳಿಯಬಯಸುವವರು ಅವನ್ನು ಓದಬೇಕು. 2013ರ ಎರಡನೆಯ ಚಿತ್ರದೊಂದಿಗೆ ಆ ಸರಣಿ ನಿಂತುಹೋಯಿತು.

ಏಳು ಸೆಕೆಂಡು

ವಯಸ್ಸನ್ನು ಬಿಟ್ಟುಕೊಡಲು ಸಾಧ್ಯವೇ ಇಲ್ಲದ ಕತೆಯೆಂದರೆ ಸುಜಾನ್ ಕಾಲಿನ್ಸ್ ಅವರ ‘ದ ಹಂಗರ್ ಗೇಮ್ಸ್’. ಅಲ್ಲಿ ಪ್ರತಿ ವರ್ಷ ಚೀಟಿ ಎತ್ತಿ ಆರಿಸಿದ ಮಕ್ಕಳನ್ನು ಕೊನೆಗೊಬ್ಬರು ಉಳಿಯುವವರೆಗೆ ಪರಸ್ಪರ ಕೊಲ್ಲಿಸುತ್ತಾರೆ. ಹನ್ನೆರಡು ತುಂಬಿದ ವರ್ಷ ಚೀಟಿಯಲ್ಲಿ ಹೆಸರು ಒಂದು ಸಲ, ಹದಿಮೂರಕ್ಕೆ ಎರಡು ಸಲ, ಹೀಗೆ ಹದಿನೆಂಟರವರೆಗೆ; ಮನೆಯಲ್ಲಿ ಹಸಿವಿದ್ದರೆ ಧಾನ್ಯ, ಎಣ್ಣೆಗಾಗಿ ಇನ್ನಷ್ಟು ಚೀಟಿಗಳನ್ನು ಸೇರಿಸಿಕೊಳ್ಳಬಹುದು. ಹದಿನಾರರ ನಾಯಕಿ ಕ್ಯಾಟ್ನಿಸ್‌ಳ ಹೆಸರು ಇಪ್ಪತ್ತು ಚೀಟಿಗಳಲ್ಲಿದೆ, ಅವಳ ಗೆಳೆಯ ಹದಿನೆಂಟರ ಗೇಲ್‌ನದು ನಲವತ್ತೆರಡರಲ್ಲಿ. ಆಗಷ್ಟೇ ಹನ್ನೆರಡಾದ ತಂಗಿ ಪ್ರಿಮ್‌ಳದು ಒಂದೇ ಚೀಟಿ, ಬರುವುದೂ ಅದೇ. ಬಡತನವನ್ನು ವಯಸ್ಸಿನಿಂದ ಗುಣಿಸುವ ಈ ಗಣಿತವೇ ಕಾದಂಬರಿಯ ರಾಜಕೀಯ. 2012ರ ಚಿತ್ರದಲ್ಲಿ ಕ್ಯಾಟ್ನಿಸ್ ಆಗಿ ನಟಿಸಿದ ಜೆನಿಫರ್ ಲಾರೆನ್ಸ್ ಅವರಿಗೆ ಚಿತ್ರೀಕರಣ ಆರಂಭವಾದಾಗ ಇಪ್ಪತ್ತು. ಅದು ಅಷ್ಟಾಗಿ ಕಾಡಲಿಲ್ಲ, ಏಕೆಂದರೆ ತಂಗಿ, ತಾಯಿಯನ್ನು ಸಾಕುವ ಭಾರ ಹೊತ್ತ ಹುಡುಗಿ ವಯಸ್ಸಿಗೆ ಮೀರಿ ಬೆಳೆದಿರುತ್ತಾಳೆ. ನಿರ್ದೇಶಕ ಗ್ಯಾರಿ ರಾಸ್ ಕಾಪಾಡಿಕೊಂಡದ್ದು ರೂ ಎಂಬ ಪುಟ್ಟ ಸ್ಪರ್ಧಿಯ ಪಾತ್ರವನ್ನು. ಅದನ್ನು ಮಾಡಿದ ಅಮಾಂಡ್ಲಾ ಸ್ಟೆನ್‌ಬರ್ಗ್ ಅವರಿಗೆ ಆಗ ನಿಜಕ್ಕೂ ಹನ್ನೆರಡು. ಚಿತ್ರದ ಇಪ್ಪತ್ತನಾಲ್ಕು ಸ್ಪರ್ಧಿಗಳಲ್ಲಿ ಹಲವರು ಜಿಮ್‌ನಿಂದ ಈಗಷ್ಟೇ ಹೊರಬಂದ ಯುವಕರಂತೆ ಕಂಡರೂ, ಆ ಒಂದು ಸಣ್ಣ ದೇಹ ನೆಲಕ್ಕೆ ಬಿದ್ದಾಗ ನಾವು ನೋಡುತ್ತಿರುವುದು ಏನನ್ನು ಎಂಬುದು ಥಟ್ಟನೆ ನೆನಪಾಗುತ್ತದೆ.

ಈ ಚಿತ್ರಕ್ಕೆ ಬ್ರಿಟನ್ನಿನ ಸೆನ್ಸಾರ್ ಮಂಡಳಿಯಲ್ಲಿ ನಡೆದದ್ದು ವಿಚಿತ್ರವಾದ ವ್ಯಂಗ್ಯ. ಅಲ್ಲಿ ಹನ್ನೆರಡರವರು ನೋಡಬಹುದಾದ ದರ್ಜೆ ಸಿಗಬೇಕೆಂದು ಒಟ್ಟು ಏಳು ಸೆಕೆಂಡುಗಳಷ್ಟು ದೃಶ್ಯವನ್ನು ತಿದ್ದಲಾಯಿತು; ಗಾಯದ ಮೇಲಿನ, ಆಯುಧದ ಮೇಲಿನ ರಕ್ತವನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ಕತೆಯ ಒಳಗೆ ಹನ್ನೆರಡು ಎಂದರೆ ಸಾಯಲು ಅರ್ಹತೆಯ ವಯಸ್ಸು, ಚಿತ್ರಮಂದಿರದ ಬಾಗಿಲಲ್ಲಿ ಅದೇ ಹನ್ನೆರಡು ರಕ್ತ ಕಾಣದಂತೆ ಕಾಪಾಡಬೇಕಾದ ವಯಸ್ಸು. ಕಾಲಿನ್ಸ್ ಬರೆದ ಪುಸ್ತಕಕ್ಕೆ ಇಂಥ ದರ್ಜೆಯೇನೂ ಇರಲಿಲ್ಲ. ಹನ್ನೊಂದರ ಮಗು ಗ್ರಂಥಾಲಯದಿಂದ ತಂದು ರಾತ್ರಿ ಓದಿಕೊಳ್ಳಬಹುದಿತ್ತು, ಓದಿಕೊಂಡವು ಕೂಡ. ಪುಟದ ಮೇಲಿನ ಹಿಂಸೆಯನ್ನು ಮಗು ತನ್ನ ಶಕ್ತಿಗೆ ತಕ್ಕಷ್ಟೇ ಕಲ್ಪಿಸಿಕೊಳ್ಳುತ್ತದೆ. ತೆರೆ ಎಲ್ಲರಿಗೂ ಒಂದೇ ಪ್ರಮಾಣವನ್ನು ಬಡಿಸುತ್ತದೆ, ಆದ್ದರಿಂದ ಅಳೆದು ಬಡಿಸಬೇಕಾಗುತ್ತದೆ. ಜಪಾನಿನಲ್ಲಿ ಇದರ ಮತ್ತೊಂದು ತುದಿಯನ್ನು ನೋಡಬಹುದು. ಕೌಶುನ್ ತಕಾಮಿಯವರ 1999ರ ಕಾದಂಬರಿಯನ್ನು ಆಧರಿಸಿದ ‘ಬ್ಯಾಟಲ್ ರಾಯಲ್’ ಮರುವರ್ಷವೇ ತೆರೆಗೆ ಬಂತು. ಒಂದೇ ತರಗತಿಯ ಹದಿನೈದರ ಆಸುಪಾಸಿನ ಮಕ್ಕಳನ್ನು ಸರ್ಕಾರವೇ ದ್ವೀಪವೊಂದರಲ್ಲಿ ಬಿಟ್ಟು ಪರಸ್ಪರ ಕೊಲ್ಲಿಸುವ ಕತೆ ಅದು. ನಿರ್ದೇಶಕ ಕಿಂಜಿ ಫುಕಾಸಾಕು ಅವರಿಗೆ ಆಗ ಎಪ್ಪತ್ತು. 1945ರಲ್ಲಿ, ತಮಗೆ ಹದಿನೈದಾಗಿದ್ದಾಗ, ಮದ್ದುಗುಂಡಿನ ಕಾರ್ಖಾನೆಯಲ್ಲಿ ಸಹಪಾಠಿಗಳೊಂದಿಗೆ ದುಡಿಯುತ್ತ, ಶೆಲ್ ದಾಳಿಯಲ್ಲಿ ಸತ್ತವರ ದೇಹಗಳ ನಡುವೆ ಬದುಕುಳಿದ ಅನುಭವವೇ ಈ ಚಿತ್ರದ ಬೇರು ಎಂದು ಅವರು ಹೇಳಿಕೊಂಡಿದ್ದರು. ಅವರಿಗೆ ಆ ಸಂಖ್ಯೆಯನ್ನು ಬದಲಿಸುವ ಯೋಚನೆಯೇ ಬಂದಿರಲಾರದು. ಹದಿನೈದು ತುಂಬದವರು ಚಿತ್ರ ನೋಡುವಂತಿಲ್ಲ ಎಂಬ ದರ್ಜೆ ಬಿತ್ತು, ಅವರು ಅದನ್ನು ಹೊತ್ತುಕೊಂಡರು. ಪಾತ್ರದ ವಯಸ್ಸನ್ನೋ ನೋಡುಗರ ವಯಸ್ಸನ್ನೋ ಎರಡರಲ್ಲಿ ಒಂದನ್ನು ಬಿಡಬೇಕಾದಾಗ ಫುಕಾಸಾಕು ಬಿಟ್ಟದ್ದು ನೋಡುಗರನ್ನು. ನನಗೆ ಅದು ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಜಮ್ಶೆಡ್‌ಪುರದ ಅರ್ಧ ಹಾಡು

ನಮ್ಮ ದೇಶದಲ್ಲಿ ಇಂಥ ಕಾದಂಬರಿಗಳು ಅಧಿಕೃತವಾಗಿ ಹಕ್ಕು ಪಡೆದು ಸಿನಿಮಾ ಆದದ್ದು ಕಡಿಮೆ. ನೆನಪಿಗೆ ತಟ್ಟನೆ ಬರುವುದು ‘ದಿಲ್ ಬೇಚಾರಾ’. ಜಾನ್ ಗ್ರೀನ್ ಅವರ 2012ರ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಕಾದಂಬರಿಯಲ್ಲಿ ಇಂಡಿಯಾನಾಪೊಲಿಸ್‌ನ ಹದಿನಾರರ ಹುಡುಗಿ, ಹದಿನೇಳರ ಹುಡುಗ, ಇಬ್ಬರೂ ಕ್ಯಾನ್ಸರ್ ರೋಗಿಗಳು. ಹಿಂದಿ ಚಿತ್ರ ಅವರನ್ನು ಜಮ್ಶೆಡ್‌ಪುರಕ್ಕೆ ತಂದು ಕಾಲೇಜಿನ ವಯಸ್ಸಿಗೆ ಏರಿಸಿತು. ನಾಯಕ ಸುಶಾಂತ್ ಸಿಂಗ್ ರಜಪೂತ್ ಅವರಿಗೆ ಚಿತ್ರೀಕರಣ ಆರಂಭವಾದಾಗ ಮೂವತ್ತೆರಡು. ಈ ಏರಿಕೆಯಿಂದ ಕಳೆದುಹೋದದ್ದು ಗ್ರೀನ್ ಅವರ ಹಾಸ್ಯ. ಹದಿನಾರರವಳು ಸಾವಿನ ಬಗ್ಗೆ ತತ್ವಜ್ಞಾನಿಯಂತೆ ಮಾತಾಡುವುದರಲ್ಲಿ ಒಂದು ಮಕ್ಕಳಾಟವಿದೆ, ದೊಡ್ಡ ಮಾತುಗಳನ್ನು ಇನ್ನೂ ಬಳಸಿ ಹಳೆಯದು ಮಾಡದವರ ಖುಷಿಯಿದೆ. ಅವೇ ಮಾತುಗಳು ದೊಡ್ಡವರ ಬಾಯಲ್ಲಿ ಸಂಭಾಷಣೆಯಾಗಿಬಿಡುತ್ತವೆ. ಆದರೂ ಆ ಚಿತ್ರದ ಒಂದು ಮಾರ್ಪಾಡು ಮೂಲಕ್ಕಿಂತ ನಮ್ಮ ನೆಲಕ್ಕೆ ಹೊಂದುತ್ತದೆ. ಕಾದಂಬರಿಯಲ್ಲಿ ಹುಡುಗಿಗೆ ಹಿಡಿದಿರುವ ಗೀಳು ವಾಕ್ಯದ ನಡುವೆಯೇ ನಿಂತುಹೋದ ಒಂದು ಪುಸ್ತಕದ್ದು, ಅದರ ಲೇಖಕನನ್ನು ಹುಡುಕಿಕೊಂಡು ಅವರು ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತಾರೆ. ಹಿಂದಿಯಲ್ಲಿ ಅದು ಅರ್ಧಕ್ಕೆ ನಿಂತ ಹಾಡು, ಹುಡುಕಿ ಹೋಗುವುದು ಪ್ಯಾರಿಸ್ಸಿನಲ್ಲಿರುವ ಗಾಯಕನನ್ನು. ಸಿನಿಮಾ ಹಾಡಿನ ಮೇಲೆ ಬೆಳೆದ ನಮಗೆ ಅರ್ಧ ಹಾಡಿನ ಸಂಕಟ ಅರ್ಧ ಪುಸ್ತಕಕ್ಕಿಂತ ಬೇಗ ತಟ್ಟುತ್ತದೆ. 2020ರ ಜುಲೈನಲ್ಲಿ, ನಾಯಕನಟ ತೀರಿಹೋದ ಮರುತಿಂಗಳು ಆ ಚಿತ್ರ ಬಿಡುಗಡೆಯಾದ್ದರಿಂದ, ಯಾರೂ ಅದನ್ನು ಕಾದಂಬರಿಯ ರೂಪಾಂತರವೆಂದು ನೋಡುವ ಸ್ಥಿತಿಯಲ್ಲೇ ಇರಲಿಲ್ಲ.

ಪಾತ್ರದ ವಯಸ್ಸೂ ನಟನ ವಯಸ್ಸೂ ಒಂದೇ ಆದಾಗ ಏನಾಗುತ್ತದೆ ಎಂಬುದನ್ನು ಕನ್ನಡದ ನನ್ನ ತಲೆಮಾರಿನವರಿಗೆ ವಿವರಿಸಬೇಕಿಲ್ಲ, ನಾವೆಲ್ಲ ಮಾಸ್ಟರ್ ಮಂಜುನಾಥ್ ಅವರ ಸ್ವಾಮಿಯನ್ನು ನೋಡಿದವರು. ಆರ್. ಕೆ. ನಾರಾಯಣ್ ಅವರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹದಿಹರೆಯದವರ ಕಾದಂಬರಿ ಎಂಬ ಹಣೆಪಟ್ಟಿಯೊಂದಿಗೆ ಬಂದದ್ದಲ್ಲ, ಆಗುಂಬೆಯಲ್ಲಿ ಶಂಕರ್ ನಾಗ್ ತೆಗೆದದ್ದು ಸಿನಿಮಾವೂ ಅಲ್ಲ, ದೂರದರ್ಶನದ ಧಾರಾವಾಹಿ. ಆದರೆ ಸ್ವಾಮಿ ಮನೆ ಬಿಟ್ಟು ಓಡಿ ಕಾಡಿನಲ್ಲಿ ದಾರಿ ತಪ್ಪುವ ಭಾಗವನ್ನು ನೋಡುತ್ತ ನಾವು ಮಕ್ಕಳು ನೆಲದ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕುಳಿತಿದ್ದಾಗ, ಹಿಂದೆ ಕುರ್ಚಿಯಲ್ಲಿದ್ದ ಸೋದರಮಾವ, “ಏನೂ ಆಗಲ್ಲ, ಬಂದೇ ಬರ್ತಾನೆ ಬಿಡ್ರೋ” ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಕಾಡು ಕೊನೆಯಾಗುತ್ತದೆಂದು ಅವರಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ತೆರೆಯ ಮೇಲಿದ್ದ ಹುಡುಗನಿಗೂ ಗೊತ್ತಿರಲಿಲ್ಲ, ಏಕೆಂದರೆ ಅವನು ನಮ್ಮಷ್ಟೇ ಎತ್ತರದವನು. ಆ ಕೋಣೆಯಲ್ಲಿ ಅಂದು ಒಂದೇ ಕತೆಯನ್ನು ಎರಡು ವಯಸ್ಸಿನವರು ಬೇರೆ ಬೇರೆಯಾಗಿ ನೋಡುತ್ತಿದ್ದರು, ಧಾರಾವಾಹಿ ನಮ್ಮ ಪರವಾಗಿತ್ತು.

ಟಲ್ಸಾದ ಮೂವರು ಅಣ್ಣತಮ್ಮಂದಿರು

ಹಾಗೆ ಮಕ್ಕಳ ಪರವಾಗಿ ನಿಲ್ಲಲು ಹೊರಟ, ಆದರೆ ಅರ್ಧ ದಾರಿಯಲ್ಲಿ ದೊಡ್ಡವರ ಮಾತಿಗೆ ಬಗ್ಗಿದ, ಇಪ್ಪತ್ತೆರಡು ವರ್ಷಗಳ ನಂತರ ಮತ್ತೆ ಮಕ್ಕಳ ಕಡೆಗೆ ಬಂದ ಒಂದು ಸಿನಿಮಾ ಇದೆ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಕಲಿಸಿದ್ದು ಅದೇ. ‘ದ ಔಟ್‌ಸೈಡರ್ಸ್’ ಕಾದಂಬರಿಯನ್ನು ಎಸ್. ಇ. ಹಿಂಟನ್ ಬರೆಯಲು ಆರಂಭಿಸಿದಾಗ ಅವರಿಗೆ ಹದಿನೈದು; ಒಕ್ಲಹೋಮಾದ ಟಲ್ಸಾದಲ್ಲಿ ಹೈಸ್ಕೂಲಿನ ಹುಡುಗಿ. 1967ರಲ್ಲಿ ಪುಸ್ತಕ ಬಂದಾಗ ಹದಿನೆಂಟು. ಹುಡುಗರ ಜಗಳದ ಕತೆಯನ್ನು ಹುಡುಗಿ ಬರೆದಳೆಂದರೆ ವಿಮರ್ಶಕರು ತಳ್ಳಿಹಾಕುತ್ತಾರೆಂದು ಪ್ರಕಾಶಕರು ಮೊದಲಕ್ಷರಗಳನ್ನಷ್ಟೇ ಮುದ್ರಿಸಿದರು. ಈ ಬಗೆಯ ಬಹುತೇಕ ಪುಸ್ತಕಗಳು ದೊಡ್ಡವರು ನೆನಪಿನಿಂದ ಬರೆದವು, ಇದು ಒಳಗಿದ್ದವಳೇ ಬರೆದದ್ದು. ಇದು ಸಿನಿಮಾ ಆದದ್ದೂ ಮಕ್ಕಳಿಂದಲೇ. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿರುವ ಲೋನ್ ಸ್ಟಾರ್ ಶಾಲೆಯ ವಿದ್ಯಾರ್ಥಿಗಳು 1980ರಲ್ಲಿ ಸಹಿ ಹಾಕಿ, ತಮ್ಮ ಗ್ರಂಥಾಲಯದವರ ಕೈಯಲ್ಲಿ ಪತ್ರ ಬರೆಸಿ, ಈ ಪುಸ್ತಕವನ್ನು ನೀವೇ ಚಿತ್ರ ಮಾಡಬೇಕೆಂದು ಫ್ರಾನ್ಸಿಸ್ ಫೋರ್ಡ್ ಕೊಪೋಲಾ ಅವರನ್ನು ಕೇಳಿಕೊಂಡರು. ಕೊಪೋಲಾರ ಪರಿಚಯ ಆ ಮಕ್ಕಳಿಗೆ ಆದದ್ದು ಮಾಫಿಯಾ ಚಿತ್ರಗಳಿಂದಲ್ಲ, ಅವರು ನಿರ್ಮಾಣದಲ್ಲಿ ಪಾಲುಗೊಂಡಿದ್ದ ಒಂದು ಕುದುರೆಯ ಚಿತ್ರದಿಂದ. ಅವರು ಪುಸ್ತಕ ಓದಿದರು, 1982ರಲ್ಲಿ ಟಲ್ಸಾಕ್ಕೇ ಹೋಗಿ ಚಿತ್ರೀಕರಿಸಿದರು. ಹಿಂಟನ್ ಜೊತೆಗೇ ಇದ್ದರು, ನರ್ಸ್ ಆಗಿ ಒಂದು ದೃಶ್ಯದಲ್ಲಿ ಕಾಣಿಸಿಕೊಂಡರು ಕೂಡ. ಓದುಗರೇ ಮುಂದೆ ನಿಂತು ಸಿನಿಮಾ ಮಾಡಿಸುವುದು ನಮ್ಮಲ್ಲೂ ಆಗಿದೆ; ತೇಜಸ್ವಿಯವರ ಕತೆಯನ್ನು ಆಧರಿಸಿದ 2023ರ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ಅವರ ಓದುಗರೇ ಹಣ ಹಾಕಿದ್ದರು.

ಕತೆ ಹೇಳುವ ಪೋನಿಬಾಯ್‌ಗೆ ಹದಿನಾಲ್ಕು, ಅವನಾಗಿ ನಟಿಸಿದ ಸಿ. ಥಾಮಸ್ ಹೊವೆಲ್‌ಗೆ ಹದಿನೈದು. ಇಷ್ಟು ಹತ್ತಿರದ ಆಯ್ಕೆ ಅಪರೂಪ, ಇಡೀ ಚಿತ್ರವನ್ನು ಎತ್ತಿ ಹಿಡಿದಿರುವುದು ಅದೇ. ಆದರೆ ಹಿರಿಯಣ್ಣ ಡ್ಯಾರಿಯ ಪಾತ್ರದಲ್ಲಿ ವಯಸ್ಸು ಬೇರೆ ರೀತಿಯಲ್ಲಿ ಜಾರಿತು. ತಂದೆತಾಯಿ ಅಪಘಾತದಲ್ಲಿ ಸತ್ತ ಮೇಲೆ ತಮ್ಮಂದಿರನ್ನು ಸರ್ಕಾರ ಬೇರೆ ಮಾಡದಂತೆ ಉಳಿಸಿಕೊಳ್ಳಲು ಓದು ಬಿಟ್ಟು ದುಡಿಯುವವನು ಡ್ಯಾರಿ. ಪೋನಿಬಾಯ್ ಪುಸ್ತಕದುದ್ದಕ್ಕೂ ಅವನ ಕಟುತನವನ್ನು ದೂರುತ್ತಾನೆ, ಅಣ್ಣನಿಗೆ ತನ್ನ ಮೇಲೆ ಪ್ರೀತಿಯಿಲ್ಲವೆಂದುಕೊಳ್ಳುತ್ತಾನೆ. ಓದುಗರಾದ ನಾವು ಅವನ ಮಾತನ್ನು ನಂಬುತ್ತ ನಂಬುತ್ತಲೇ ಒಂದು ಅಂಕಿಯನ್ನು ಮರೆಯದೆ ಇಟ್ಟುಕೊಂಡಿರುತ್ತೇವೆ: ಡ್ಯಾರಿಗೆ ಇಪ್ಪತ್ತೇ ವರ್ಷ. ತಂದೆಯ ಜಾಗದಲ್ಲಿ ನಿಂತಿರುವವನೂ ಹುಡುಗನೇ. ಪೋನಿಬಾಯ್‌ಗೆ ಕಾಣದ್ದು ನಮಗೆ ಕಾಣುವುದು ಆ ಅಂಕಿಯ ಬಲದಿಂದ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ವೇಜಿ ಒಳ್ಳೆಯ ನಟ, ಆದರೆ ಅವರಿಗೆ ಇಪ್ಪತ್ತೊಂಬತ್ತು. ಅವರು ತಮ್ಮನಿಗೆ ಗದರಿದರೆ ಯಜಮಾನ ಗದರಿದಂತೆಯೇ ಕೇಳುತ್ತದೆ. ಭುಜ ಅಷ್ಟು ಅಗಲ, ದನಿ ಅಷ್ಟು ಗಟ್ಟಿ. ಪೋನಿಬಾಯ್‌ನ ತಪ್ಪು ತಿಳಿವಳಿಕೆಯನ್ನು ಸಿನಿಮಾ ನಿಜವಾಗಿಸಿಬಿಟ್ಟಿತು.

1983ರಲ್ಲಿ ಚಿತ್ರಮಂದಿರಕ್ಕೆ ಬಂದದ್ದು 91 ನಿಮಿಷಗಳ ಚಿತ್ರ. ಹೊಡೆದಾಟ, ಚರ್ಚಿಗೆ ಬಿದ್ದ ಬೆಂಕಿ, ಸೂರ್ಯಾಸ್ತ ಎಲ್ಲ ಇದ್ದವು. ಮನೆಯೊಳಗಿನ ದೃಶ್ಯಗಳು ಬಹುಪಾಲು ಕತ್ತರಿಗೆ ಸಿಕ್ಕಿದ್ದವು. ನಡುವಣ ಅಣ್ಣ ಸೋಡಾಪಾಪ್‌ನ ಪಾತ್ರ ಮಾಡಿದ ರಾಬ್ ಲೋ ಅವರ ಭಾಗವಂತೂ ಹೆಸರಿಗೆ ಮಾತ್ರ ಉಳಿದಿತ್ತು. 2005ರಲ್ಲಿ ಕೊಪೋಲಾ ಸುಮಾರು 22 ನಿಮಿಷಗಳನ್ನು ಮರಳಿ ಸೇರಿಸಿದರು. ಹಿಂದಕ್ಕೆ ಬಂದವುಗಳಲ್ಲಿ ಪುಸ್ತಕದ ಆರಂಭವಿದೆ, ಸಿನಿಮಾ ಮಂದಿರದಿಂದ ಒಬ್ಬನೇ ಹೊರಬಂದ ಪೋನಿಬಾಯ್‌ನನ್ನು ಸಿರಿವಂತರ ಹುಡುಗರು ಹಿಡಿದು ಬಡಿಯುವುದು. ಪೋನಿಬಾಯ್ ಮತ್ತು ಸೋಡಾಪಾಪ್ ಒಂದೇ ಹಾಸಿಗೆಯಲ್ಲಿ ಮಲಗಿ ಮಾತಾಡುವುದಿದೆ. ಜಗಳದ ನಡುವೆ ಸಿಕ್ಕ ಸೋಡಾ ತಡೆಯಲಾರದೆ ಓಡಿಹೋಗಿ ಅಳುವುದಿದೆ. ಸ್ಟುಡಿಯೋ ತೆಗೆಸಿದ್ದು ಕತೆ ಸಾಗಲು ಬೇಡವಾದ ದೃಶ್ಯಗಳನ್ನು, ನಿಜ. ಆದರೆ ಕೆಟ್ಟ ಕನಸುಗಳಿಗೆ ಹೆದರಿ ಅಣ್ಣನ ಪಕ್ಕದಲ್ಲಿ ಮಲಗುವ ಹುಡುಗನೇ ಮರುದಿನ ಚಾಕು ಹಿಡಿದವರ ನಡುವೆ ಓಡಾಡುತ್ತಾನೆ ಎಂಬುದು ತಿಳಿಯದೆ ಹೋದರೆ, ಅದು ಬರೀ ಪುಂಡರ ಚಿತ್ರ. (ಹೊಸ ಆವೃತ್ತಿಯಲ್ಲಿ ಮೊದಲಿದ್ದ ಹಿನ್ನೆಲೆ ಸಂಗೀತದ ಬಹುಭಾಗವನ್ನು ತೆಗೆದು ಆ ಕಾಲದ ರಾಕ್ ಹಾಡುಗಳನ್ನು ಹಾಕಿದ್ದು ನನಗೆ ರುಚಿಸಲಿಲ್ಲ.)

ಈಗ ಕಾಲ ಸಿನಿಮಾದಿಂದ ವೆಬ್ ಸರಣಿಯ ಕಡೆಗೆ ಹೊರಳಿದೆ. ‘ಪರ್ಸಿ ಜಾಕ್ಸನ್’ 2023ರ ಡಿಸೆಂಬರಿನಲ್ಲಿ ಸರಣಿಯಾಗಿ ಮರಳಿತು, ಈ ಸಲ ಲೇಖಕರೇ ಜೊತೆಗಿದ್ದಾರೆ, ಪರ್ಸಿ ಹನ್ನೆರಡರವನೇ ಆಗಿದ್ದಾನೆ, ಆ ಪಾತ್ರದ ವಾಕರ್ ಸ್ಕೋಬೆಲ್ ಚಿತ್ರೀಕರಣದ ಕಾಲಕ್ಕೆ ಹದಿಮೂರರ ಆಸುಪಾಸಿನಲ್ಲಿದ್ದ ಹುಡುಗ. ಹಳೆಯ ಚಿತ್ರಗಳಲ್ಲಿ ಕಾಣದ ಒಂದು ಪೆದ್ದುತನ, ಅಮ್ಮನ ಮಾತು ಬಂದಾಗ ಮುಖ ಸಣ್ಣದಾಗುವ ಪರಿ, ಅವನಲ್ಲಿ ತಾನಾಗಿ ಇವೆ. ಎರಡನೆಯ ಸೀಸನ್ ಬಂದದ್ದು 2025ರ ಡಿಸೆಂಬರಿನಲ್ಲಿ. ಪುಸ್ತಕದಲ್ಲಿ ಮೊದಲ ಕತೆಗೂ ಎರಡನೆಯದಕ್ಕೂ ನಡುವೆ ಕಳೆಯುವುದು ಒಂದು ಶಾಲಾ ವರ್ಷ ಮಾತ್ರ, ಪರ್ಸಿಗೆ ಹದಿಮೂರು. ಅಷ್ಟರಲ್ಲಿ ಸ್ಕೋಬೆಲ್‌ಗೆ ಹದಿನಾರು ತುಂಬಿತ್ತು. ಭವಿಷ್ಯವಾಣಿ ಹೇಳಿದ ವಯಸ್ಸನ್ನು ನಟ ಪಾತ್ರಕ್ಕಿಂತ ಮೂರು ಕತೆಗಳಷ್ಟು ಮೊದಲೇ ಮುಟ್ಟಿಬಿಟ್ಟಿದ್ದ. ಆದರೂ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ, ಹದಿನಾರರಲ್ಲೇ ಆರಂಭಿಸಿದ ಹಳೆಯ ಚಿತ್ರಕ್ಕಿಂತ ದಾರಿಯಲ್ಲಿ ಬೆಳೆದುಬಿಟ್ಟ ಈ ಹುಡುಗನನ್ನೇ ನಾನು ಆರಿಸಿಕೊಳ್ಳುತ್ತೇನೆ.